ಲಿನಕ್ಸ್‌ಗೆ ಹೊಸ ಡೆಸ್ಕ್‌ಟಾಪ್ ಹಾಕುವುದು ಹೇಗೆ? ಲಾಗಿನ್ ಪರದೆಯಲ್ಲಿ ಸಿಕ್ಕಿಬಿದ್ದರೆ ಏನು ಮಾಡಬೇಕು?

ಲಿನಕ್ಸ್‌ನಲ್ಲಿ ಕಣ್ಣಿಗೆ ಕಾಣುವ ಕಿಟಕಿ, ಮೆನುಗಳನ್ನೆಲ್ಲ ಕೊಡುವುದು ಡೆಸ್ಕ್‌ಟಾಪ್, ಅದರಲ್ಲಿ ಗ್ನೋಮ್, ಕೆಡಿಇ ಹೀಗೆ ಹಲವು ಬಗೆ. ಗ್ನೋಮ್ ಬೇಜಾರಾಯಿತು, ಕೆಡಿಇ ನೋಡೋಣ ಎಂದು ಹಾಕಿಕೊಳ್ಳುತ್ತಾರೆ. ಮಾರನೇ ದಿನ ಲಾಗಿನ್ ಆಗದೆ ಇಡೀ ಲಿನಕ್ಸನ್ನೇ ಅಳಿಸಿ ಮತ್ತೆ ಹಾಕುತ್ತಾರೆ. ಇಂಥವರನ್ನು ಬಹಳ ನೋಡಿದ್ದೇನೆ. ಅಷ್ಟೆಲ್ಲ ಬೇಕಾಗಿಯೇ ಇರುವುದಿಲ್ಲ.

ಮೊದಲ ಹೆಜ್ಜೆ ಸುಲಭ. ಉಬುಂಟು, ಡೆಬಿಯನ್‌ನಲ್ಲಿ ಎಪಿಟಿ, ಫೆಡೋರಾದಲ್ಲಿ ಡಿಎನ್‌ಎಫ್ ಎಂಬ ಇನ್‌ಸ್ಟಾಲ್ ಕಮಾಂಡ್ ಬಳಸಿ ಬೇಕಾದ ಡೆಸ್ಕ್‌ಟಾಪ್ ಇನ್‌ಸ್ಟಾಲ್ ಮಾಡಿ. ಹಳೇ ಕಂಪ್ಯೂಟರಾದರೆ ಕಣ್ಣುಮುಚ್ಚಿ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಹಾಕಿ. ಒಂದೇ ಸಲ ಮೂರ್ನಾಲ್ಕು ತುಂಬಬೇಡಿ. ಡೆಸ್ಕ್‌ಟಾಪ್ ಚಂದ ಮಾಡಿಕೊಡುತ್ತೇವೆ ಎನ್ನುವ ಸ್ಕ್ರಿಪ್ಟ್‌ಗಳನ್ನು ಸುಡೊ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಕೊಟ್ಟು ಓಡಿಸುವುದಂತೂ ಬೇಡವೇ ಬೇಡ.

ಡೆಬಿಯನ್, ಉಬುಂಟುಗಳಲ್ಲಿ ಇನ್‌ಸ್ಟಾಲ್ ನಡುವೆ ಒಂದು ಪ್ರಶ್ನೆ ಬರಬಹುದು: ಜಿಡಿಎಂ, ಎಸ್‌ಡಿಡಿಎಂ, ಲೈಟ್‌ಡಿಎಂ, ಇದರಲ್ಲಿ ಯಾವುದು? ಜನ ಓದದೆ ಎಂಟರ್ ಒತ್ತುವುದು ಇಲ್ಲೇ. ಇವು ಡಿಸ್‌ಪ್ಲೇ ಮ್ಯಾನೇಜರ್‌ಗಳು. ಪಾಸ್‌ವರ್ಡ್ ಕೇಳಿ ಡೆಸ್ಕ್‌ಟಾಪ್ ಶುರು ಮಾಡುವುದು ಇವುಗಳ ಕೆಲಸ. ಯಾವ ಡೆಸ್ಕ್‌ಟಾಪ್ ಬೇಕಾದರೂ ಇವುಗಳಲ್ಲಿ ಯಾವುದಾದರೂ ಒಂದರಿಂದ ತೆರೆಯುತ್ತದೆ. ಹಾಗಾಗಿ ಈಗಿರುವುದನ್ನೇ ಉಳಿಸಿಕೊಳ್ಳಿ. ಗ್ನೋಮ್‌ನ ಪರದೆ ಲಾಕ್ ಆಗಲು ಜಿಡಿಎಂ ಬೇಕು, ಗ್ನೋಮ್ ಬಳಸುವವರು ಅದನ್ನು ಕೈಬಿಡಬೇಡಿ. ಆಮೇಲೆ ಮನಸ್ಸು ಬದಲಾದರೆ ಬೇರೆಯದನ್ನು ಆರಿಸಲು ಡಿಪಿಕೆಜಿ-ರೀಕಾನ್ಫಿಗರ್ ಕಮಾಂಡ್ ಇದ್ದೇ ಇದೆ. ಚಾಲ್ತಿಯಲ್ಲಿರುವ ಡಿಸ್‌ಪ್ಲೇ ಮ್ಯಾನೇಜರನ್ನು ಡೆಸ್ಕ್‌ಟಾಪ್ ಒಳಗಿಂದಲೇ ಸ್ಟಾಪ್ ಮಾಡಬೇಡಿ, ತೆರೆದಿಟ್ಟ ಫೈಲುಗಳೆಲ್ಲ ಮುಚ್ಚಿಹೋಗುತ್ತವೆ. ಬದಲಿಸಿ, ರೀಬೂಟ್ ಮಾಡಿ.

ಹೊಸ ಡೆಸ್ಕ್‌ಟಾಪ್ ಕಾಣುತ್ತಲೇ ಇಲ್ಲ ಎನ್ನುವವರಿದ್ದಾರೆ. ಜಿಡಿಎಂನಲ್ಲಿ ಮೊದಲು ನಿಮ್ಮ ಹೆಸರು ಒತ್ತಬೇಕು. ಆಮೇಲೆ ಕೆಳಗೆ ಬಲ ಮೂಲೆಯಲ್ಲಿ ಚಿಕ್ಕ ಹಲ್ಲುಚಕ್ರ ಬರುತ್ತದೆ, ಆಯ್ಕೆ ಅದರೊಳಗಿದೆ.

ಇನ್ನು ನಿಜವಾದ ತಲೆನೋವು. ಪಾಸ್‌ವರ್ಡ್ ಸರಿಯಾಗಿದೆ, ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬಂದು ನಿಲ್ಲುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಪರದೆ ಬರುತ್ತದೆ, ಅಲ್ಲಿ ಲಾಗಿನ್ ಆಗಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಏನೂ ಕಾಣುವುದಿಲ್ಲ, ಗಾಬರಿ ಬೇಡ.

ಮೊದಲು 'ಡಿಎಫ್ -ಎಚ್' ಕೊಟ್ಟು ನೋಡಿ. ಡಿಸ್ಕ್ 100% ತುಂಬಿದ್ದರೆ ಕಾರಣ ಅದೇ ಇರಬಹುದು, ಜಾಗ ಮಾಡಿ. ಜಾಗವಿದ್ದರೆ 'ಎಲ್‌ಎಸ್ -ಎಲ್‌ಎ' ಕೊಟ್ಟು ಹೋಮ್ ಫೋಲ್ಡರ್‌ನ (ನಿಮ್ಮ ಸ್ವಂತ ಫೈಲುಗಳಿರುವ ಫೋಲ್ಡರ್) ಫೈಲುಗಳ ಮಾಲೀಕ ಯಾರು ನೋಡಿ. ಚುಕ್ಕಿಯಿಂದ ಶುರುವಾಗುವ ಎಕ್ಸ್‌ಅಥಾರಿಟಿ ಫೈಲಿನ ಮುಂದೆ ನಿಮ್ಮ ಹೆಸರಿನ ಬದಲು 'ರೂಟ್' (ಅಡ್ಮಿನ್ ಖಾತೆ) ಅಂತಿದ್ದರೆ ಕಳ್ಳ ಸಿಕ್ಕಿದ ಹಾಗೆಯೇ. ಎಂದೋ ಸುಡೊ ಹಾಕಿ ಗ್ರಾಫಿಕಲ್ ಪ್ರೋಗ್ರಾಂ ತೆರೆದಿದ್ದರ ಫಲ ಇದು. ಸುಡೊ ಜೊತೆ 'ಚೌನ್' ಕೊಟ್ಟು ಮಾಲೀಕತ್ವ ನಿಮ್ಮ ಹೆಸರಿಗೆ ಬದಲಿಸಿ. ಚುಕ್ಕಿಯಿಂದಲೇ ಶುರುವಾಗುವ ಕಾನ್ಫಿಗ್ ಫೋಲ್ಡರನ್ನೂ ಹಾಗೆಯೇ ನೋಡಿ.

ಎರಡೂ ಅಲ್ಲವಾದರೆ ಹೊಸ ಯೂಸರ್ ಒಬ್ಬರನ್ನು ಮಾಡಿ ಲಾಗಿನ್ ಆಗಿ. ಲಾಗಿನ್ ಆಯಿತೆಂದರೆ ದೋಷ ನಿಮ್ಮ ಹೋಮ್ ಫೋಲ್ಡರ್‌ನಲ್ಲಿದೆ. ಆಗದಿದ್ದರೆ 'ಜರ್ನಲ್‌ಸಿಟಿಎಲ್ -ಬಿ' ಕೊಟ್ಟು, ಈ ಸಲ ಕಂಪ್ಯೂಟರ್ ಆನ್ ಆದಾಗಿನಿಂದ ಏನೇನಾಯಿತು ಎಂಬ ದಾಖಲೆ ಓದಲೇಬೇಕು.

ಲಾಗಿನ್ ಪರದೆಯೇ ಬರದಿದ್ದರೆ ಅದೇ ಅಕ್ಷರಗಳ ಪರದೆಯಲ್ಲಿ 'ಸಿಸ್ಟಮ್‌ಸಿಟಿಎಲ್ ಸೆಟ್-ಡಿಫಾಲ್ಟ್ ಗ್ರಾಫಿಕಲ್.ಟಾರ್ಗೆಟ್' ಕೊಟ್ಟು ರೀಬೂಟ್ ಮಾಡಿ.

ಪಾಸ್‌ವರ್ಡ್ ರಗಳೆಯೇ ಬೇಡವೆಂದು ಆಟೋ ಲಾಗಿನ್ ಹಾಕುವವರೂ ಇದ್ದಾರೆ. ಸುಮ್ನೆ ಆಸೆ. ಉಳಿಸಿಟ್ಟ ಪಾಸ್‌ವರ್ಡ್‌ಗಳ ಕೀರಿಂಗ್ ಆಗ ಬೀಗ ಹಾಕಿಕೊಂಡೇ ಇರುತ್ತದೆ. ಕ್ರೋಮ್‌ನಂಥ ಬ್ರೌಸರ್ ತೆರೆದ ಕೂಡಲೇ ಅದು ಪಾಸ್‌ವರ್ಡ್ ಕೇಳಬಹುದು.