ಸೈಟಿನ ಮಣ್ಣು ಕೆರೆಗೆ ಹೋಗದಂತೆ ನಾನು ಮಾಡಿದ್ದು

ಚಿಕ್ಕಮಗಳೂರಿನಲ್ಲಿ ಮನೆ ಕಟ್ಟಿಸುವವರಿಗೆ ಅಕ್ಷಯ ತೃತೀಯ ಅಂದರೆ ಬಹಳ ಇಷ್ಟ. ಭೂಮಿ ಪೂಜೆ ಆಗುತ್ತದೆ. ಹಿಂದೆಯೇ ಜೆಸಿಬಿ ಬಂದು ಸೈಟಿನ ಹುಲ್ಲು, ಪೊದೆ, ಮೇಲ್ಮಣ್ಣು ಎಲ್ಲವನ್ನೂ ಒಂದೇ ಬೆಳಗ್ಗೆ ಕೆರೆದು ಗುಡ್ಡೆ ಹಾಕುತ್ತದೆ. ಆಷಾಢ ಬರುವುದರೊಳಗೆ ಪಾಯ ಏಳಬೇಕು ಅನ್ನುವ ಅವಸರ. ಅಷ್ಟು ಹೊತ್ತಿಗೆ ಭರಣಿ, ಕೃತ್ತಿಕೆ ಮಳೆಯೂ ಶುರುವಾಗಿರುತ್ತದೆ. ಇಳಿಜಾರಿನ ಕೆಂಪು ಮಣ್ಣು, ಮೇಲೆ ಒಂದು ಗರಿಕೆಯೂ ಇಲ್ಲ. ಜೋರಾಗಿ ಒಂದು ಮಳೆ ಹೊಡೆದರೆ ಸಾಕು, ಮಣ್ಣೆಲ್ಲ ಚರಂಡಿ ಪಾಲು. ಚರಂಡಿಯಿಂದ ಕೆರೆಗೆ. ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆ, ಯಾವುದನ್ನೇ ನೋಡಿ, ಊರು ಅದರ ಹತ್ತಿರಕ್ಕೇ ಬೆಳೆದಿದೆ. ಮೇಲೆ ಅಗೆದದ್ದು ಕೆಳಗೆ ಬಂದೇ ಬರುತ್ತದೆ, ಅಲ್ವಾ?

ನಾನು ಸಣ್ಣ ಸಿವಿಲ್ ಕಂಟ್ರಾಕ್ಟರ್. ಮನೆ, ಅಂಗಡಿ ಕಟ್ಟಡ, ಅಪರೂಪಕ್ಕೊಂದು ಹೋಂಸ್ಟೇ, ಇಷ್ಟೇ ನನ್ನ ಕೆಲಸ. ಚರಂಡಿ ಬಾಯಿಗೆ ನಾಲ್ಕು ಮರಳು ಮೂಟೆ ಇಟ್ಟರೆ ಮಣ್ಣು ನಿಲ್ಲುತ್ತದೆ ಅಂತ ನಮ್ಮವರಲ್ಲಿ ಒಂದು ನಂಬಿಕೆ ಇದೆ. ಅದು ಎಷ್ಟು ನಿಜ ಅಂತ ತಿಳಿಯಲು ದೊಡ್ಡ ಲ್ಯಾಬ್ ಬೇಡ. ಒಂದು ಲೀಟರ್ ನೀರಿನ ಬಾಟಲಿಗೆ ಸೈಟಿನ ಮಣ್ಣು ಎರಡು ಹಿಡಿ ಹಾಕಿದೆ, ನೀರು ತುಂಬಿ ಚೆನ್ನಾಗಿ ಕುಲುಕಿ ಸಿಮೆಂಟ್ ಶೆಡ್ಡಿನ ಕಟ್ಟೆಯ ಮೇಲಿಟ್ಟೆ. ಮರಳು ಒಂದು ನಿಮಿಷದೊಳಗೆ ತಳ ಸೇರಿತು. ಅದರ ಮೇಲೆ ನಯವಾದ ಗೋಡಿನ ಪದರ ಕೂರುವಾಗ ಊಟದ ಹೊತ್ತಾಗಿತ್ತು. ಮೇಲಿನ ನೀರು ಮಾತ್ರ ಮಾರನೇ ದಿನವೂ ಕೆಂಪಗೇ ಇತ್ತು.

‘ಇದು ಕೂರೋದೇ ಇಲ್ವಲ್ಲ ಸಾರ್’ ಅಂದ ಮೇಸ್ತ್ರಿ.

ಆ ಕೆಂಪು ಅಂದರೆ ಜೇಡಿ. ಅದರ ಕಣ ಒಂದು ಮಿಲಿಮೀಟರಿನ 500ನೇ ಒಂದು ಪಾಲಿಗಿಂತ ಸಣ್ಣದು. ಮೂಟೆ ಇಟ್ಟರೂ ಗುಂಡಿ ತೋಡಿದರೂ ಅದು ನೀರಿನ ಜೊತೆ ಜಾರಿ ಹೋಗುತ್ತದೆ. ಕೆರೆಯಲ್ಲಿ ನೀರು ಕಲಕುವುದು, ಬಿಸಿಲು ಒಳಗಿಳಿಯದಂತೆ ಮಾಡುವುದು ಮುಖ್ಯವಾಗಿ ಇದೇ. ಗೊಬ್ಬರದ ರಂಜಕವೂ ಈ ಕಣಕ್ಕೇ ಅಂಟಿಕೊಂಡು ಹೋಗುತ್ತದೆ, ಪಾಚಿಗೂ ಅಂತರಗಂಗೆಗೂ ಊಟ ಸಿಕ್ಕಂತಾಯಿತು. ಹಾಗಾಗಿ ಹರಿದ ಮೇಲೆ ಹಿಡಿಯುವ ಯೋಚನೆಗಿಂತ ಮಣ್ಣು ಏಳದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ.

ಅದಕ್ಕೆ ನಾನು ಮಾಡುವುದು ಸರಳ. ಪೂಜೆ ಯಾವಾಗ ಬೇಕಾದರೂ ಆಗಲಿ, ಯಜಮಾನರು ಒಪ್ಪಿದರೆ ಮಣ್ಣು ಕೆಲಸವನ್ನು ದೀಪಾವಳಿ ಕಳೆದ ಮೇಲೆ ಹಿಡಿಯುತ್ತೇನೆ. ಬೇಸಿಗೆ ಮಳೆಗೆ ಮುಂಚೆ ಪಾಯ ಮುಗಿದು ಬದಿ ತುಂಬಿರುತ್ತದೆ. ಒಪ್ಪದಿದ್ದರೆ ಕಟ್ಟಡ ಬರುವ ಜಾಗ, ಅದರ ಸುತ್ತ ಓಡಾಡುವಷ್ಟು ಜಾಗ ಮಾತ್ರ ಕೆರೆಯಲು ಜೆಸಿಬಿಯವನಿಗೆ ಸುಣ್ಣದ ಗೆರೆ ಹಾಕಿ ಕೊಡುತ್ತೇನೆ. ಗೆರೆಯಾಚೆಯ ಹುಲ್ಲು ಹಾಗೇ ಇರಬೇಕು. ಅವನಿಗೆ ಇದು ಕಿರಿಕಿರಿ, ಗಾಡಿ ತಿರುಗಿಸಲು ಜಾಗ ಸಾಲದು ಅಂತ ಗೊಣಗುತ್ತಾನೆ. ಗೊಣಗಲಿ. ಮೇಲ್ಮಣ್ಣನ್ನು ಬೇರೆಯೇ ಗುಡ್ಡೆ ಮಾಡಿಸಿ, ತಿಂಗಳುಗಟ್ಟಲೆ ಇರುವುದಾದರೆ ಅದರ ಮೇಲೆ ಹುರುಳಿ ಎರಚುತ್ತೇನೆ. ಬೇಗ ಮೊಳೆತು ಬೇರು ಹಿಡಿಯುತ್ತದೆ. ಕಡಿದ ಬದುವಿಗೆ ಹಳೇ ಗೋಣಿಚೀಲ ಬಿಚ್ಚಿ ಗೂಟ ಹೊಡೆದು ಹೊದಿಸುವುದು, ಬೋಳು ನೆಲಕ್ಕೆ ಭತ್ತದ ಹುಲ್ಲು ಹರಡುವುದು. ಆರಿದ್ರ ಮಳೆ ಹಿಡಿದರೆ ಬಿಡುವುದಿಲ್ಲ, ಅದಕ್ಕೆ ಮುಂಚೆಯೇ ಇದೆಲ್ಲ ಆಗಿರಬೇಕು.

ಇಷ್ಟು ಮಾಡಿದರೂ ಸ್ವಲ್ಪ ಮಣ್ಣು ಏಳುತ್ತದೆ. ಅದಕ್ಕೆ ಉಪಾಯ ಸಿಕ್ಕಿದ್ದು ಹೆಂಡತಿಯ ತವರಿನ ಕಾಫಿ ತೋಟದಲ್ಲಿ. ಅಲ್ಲಿ ಗಿಡದ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ತೊಟ್ಟಿಲು ಗುಂಡಿ ತೋಡುತ್ತಾರೆ. ಒಂದಡಿ ಅಗಲ, ಒಂದೂವರೆ ಅಡಿ ಆಳ. ಮೇಲಿನ ಎರಡು ಗುಂಡಿಗಳ ನಡುವೆ ಬಿಟ್ಟ ಜಾಗದ ನೇರಕ್ಕೆ ಕೆಳಗಿನ ಸಾಲಿನ ಗುಂಡಿ ಬರಬೇಕು, ತಪ್ಪಿಸಿಕೊಂಡ ನೀರು ಮುಂದಿನದರಲ್ಲಿ ಸಿಗಲಿ ಅಂತ. ಮಲೆನಾಡಿನ ಮಳೆಗೆ ಅಷ್ಟು ದೊಡ್ಡ ಗುಡ್ಡದ ಮಣ್ಣೇ ನಿಲ್ಲುವಾಗ 40–60ರ ಸೈಟಿನದ್ದು ಯಾಕೆ ನಿಲ್ಲಬಾರದು?

ಸೈಟಿನ ತಗ್ಗಿನ ಅಂಚಿಗೆ ಇಂಥ ಎರಡು ಸಾಲು ಹಾಕಿಸುತ್ತೇನೆ. ಗುಂಡಿಯ ಅಂಚು ಉದ್ದಕ್ಕೂ ಒಂದೇ ಮಟ್ಟದಲ್ಲಿರಬೇಕು. ಕಣ್ಣಂದಾಜು ನಡೆಯುವುದಿಲ್ಲ. ಗಾರೆಯವರ ಬಳಿ ಇರುವ ಲೆವೆಲ್ ಪೈಪನ್ನೇ ಹಿಡಿದು ಗೂಟ ಹೊಡೆಯುತ್ತೇವೆ. ಒಂದು ತುದಿ ಎರಡು ಬೆರಳು ತಗ್ಗಿದ್ದರೂ ನೀರೆಲ್ಲ ಅಲ್ಲೇ ಒಡೆದು ಕೊರಕಲು ಬೀಳುತ್ತದೆ. ಕೊನೆಯದನ್ನು ಸ್ವಲ್ಪ ದೊಡ್ಡದು ಮಾಡಿ, ತುಂಬಿದ ನೀರು ಹೊರಹೋಗುವ ಕಡೆ ಕಲ್ಲು ಜೋಡಿಸಿ ಜಲ್ಲಿ ಸುರಿಸುತ್ತೇನೆ. ಅರ್ಧ ತುಂಬಿತು ಅಂದರೆ ಸಲಿಕೆ ಹಿಡಿದು ಎತ್ತಬೇಕು. ಎತ್ತಿದ ಗೋಡು ಆಮೇಲೆ ಕೈತೋಟಕ್ಕೆ ಆಗುತ್ತದೆ. ಎರಡು ಎಚ್ಚರಿಕೆ: ಪಕ್ಕದವರ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ತೋಡಬೇಡಿ, ಅವರ ಪಾಯಕ್ಕೆ ನೀರಿಳಿಯುತ್ತದೆ. ವಾರವಾದರೂ ನೀರು ಇಂಗದಿದ್ದರೆ ಸೊಳ್ಳೆ ಆಗುತ್ತದೆ, ನೀರನ್ನು ಮೊಗೆದು ತೆಗೆಯಿರಿ.

ಇನ್ನು ಗೇಟು. ಟಿಪ್ಪರ್ ಚಕ್ರಕ್ಕೆ ಅಂಟಿದ ಕೆಸರು ರಸ್ತೆಗೆ ಹೋಗುತ್ತದೆ, ಒಣಗುತ್ತದೆ, ಮುಂದಿನ ಗಾಡಿ ಅದನ್ನು ಎಬ್ಬಿಸುತ್ತದೆ. ಮಳೆಗಾಲದ ಕೆಸರೇ ಬೇಸಿಗೆಯ ಧೂಳು. ಗೇಟಿನ ಒಳಗೆ ಸುಮಾರು 25 ಅಡಿ ಉದ್ದಕ್ಕೆ ಸೈಜುಗಲ್ಲು, ಮೇಲೆ 40 ಎಂಎಂ ಜಲ್ಲಿ ಹಾಸುತ್ತೇನೆ. ಚಕ್ರ ಎರಡು ಸುತ್ತಾದರೂ ಕಲ್ಲಿನ ಮೇಲೆ ಉರುಳಿದರೆ ಮಣ್ಣು ಅಲ್ಲೇ ಉದುರುತ್ತದೆ. ಆ ಜಲ್ಲಿ ದಂಡವಲ್ಲ, ಕೊನೆಗೆ ಪಾರ್ಕಿಂಗ್ ಬೆಡ್ಡಿಗೆ ಬಳಸಿಕೊಳ್ಳಬಹುದು.

ಧೂಳು ಅಂದ ಕೂಡಲೇ ಪೈಪ್ ಹಿಡಿದು ನೆಲ ತೋಯಿಸುವವರಿದ್ದಾರೆ. ಜಾಸ್ತಿ ಹೊಡೆದರೆ ಅದೇ ಕೆಸರಾಗಿ ಚಕ್ರ ಹಿಡಿಯುತ್ತದೆ. ಸ್ವಲ್ಪ ಸ್ವಲ್ಪ, ಪದೇ ಪದೇ ಚಿಮುಕಿಸುವುದೇ ಸರಿ. ನೀರಿಗಿಂತ ಟಾರ್ಪಾಲು ಅಗ್ಗ. ಎಂ-ಸ್ಯಾಂಡ್ ಅಂದರೆ ಕಲ್ಲು ಅರೆದದ್ದು, ಹೊಳೆ ಮರಳಿನಷ್ಟು ತೊಳೆದು ಬಂದಿರುವುದಿಲ್ಲ, ನಯ ಪುಡಿ ಇದ್ದೇ ಇರುತ್ತದೆ. ನಮ್ಮೂರಲ್ಲಿ ಅದನ್ನು ಅರ್ಧ ರಸ್ತೆಗೆ ಸುರಿದು ಬಿಡುವುದು ಅಭ್ಯಾಸವೇ ಆಗಿಹೋಗಿದೆ. ಒಂದು ಮಳೆಗೆ ಎಷ್ಟು ಹಣ ಚರಂಡಿಗೆ ಹೋಯಿತು ಅಂತ ಲೆಕ್ಕ ಹೇಳಿದರೆ ಯಜಮಾನರು ಟಾರ್ಪಾಲಿಗೆ ಬೇಗ ಒಪ್ಪುತ್ತಾರೆ. ಕೆರೆಯ ಮಾತು ಎತ್ತಿದರೆ ಅಷ್ಟು ಬೇಗ ಒಪ್ಪುವುದಿಲ್ಲ, ನನ್ನ ಅನುಭವ ಹಾಗಿದೆ.

ಗಾಳಿ ಬರುವ ಕಡೆ ತಗಡಿಗಿಂತ ಹಸಿರು ಬಲೆ ಒಳ್ಳೆಯದು. ತಗಡಿಗೆ ಹೊಡೆದ ಗಾಳಿ ಮೇಲೆ ಹಾರಿ ಆಚೆ ಸುಳಿ ಸುತ್ತುತ್ತದೆ. ಬಲೆಯಲ್ಲಿ ನಿಧಾನವಾಗಿ ನುಸುಳುತ್ತದೆ, ಧೂಳು ಇಲ್ಲೇ ಬೀಳುತ್ತದೆ. ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ತಂದ ನಿಯಮದಲ್ಲಿ ಗಾಳಿತಡೆ ಕಟ್ಟಡದ ಎತ್ತರದ ಮೂರನೇ ಒಂದು ಭಾಗ, ಹೆಚ್ಚೆಂದರೆ 10 ಮೀಟರ್ ಇರಬೇಕು ಅಂತಿದೆ. ಅದು ಧೂಳು ಮಿತಿ ಮೀರಿದ ಊರುಗಳಿಗಾಗಿ ಬರೆದ ನಿಯಮ. ಮೀರುವ ತನಕ ನಾವು ಯಾಕೆ ಕಾಯಬೇಕು? ಬಯಲಲ್ಲಿ ಕಲ್ಲು, ಟೈಲ್ಸ್ ಕೊಯ್ಯಬಾರದು ಅಂತಲೂ ಅದರಲ್ಲಿದೆ. ನನ್ನ ಸೈಟಿನಲ್ಲಿ ಗ್ರಾನೈಟ್ ಕೊಯ್ಯುವಾಗ ಬ್ಲೇಡಿಗೆ ನೀರು ಬೀಳುತ್ತಲೇ ಇರಬೇಕು, ಇಲ್ಲದಿದ್ದರೆ ಮೆಷಿನ್ ಆನ್ ಇಲ್ಲ. ಆ ಬಿಳಿ ಪುಡಿಯಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಒಳಗೆ ಹೋದರೆ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ವಾಸಿ ಮಾಡುವ ಮದ್ದಿಲ್ಲ. ಮೂಗಿಗೆ ಟವೆಲ್ ಕಟ್ಟಿದರೆ ಅದು ನಿಲ್ಲುವುದಿಲ್ಲ.

ಕಾಂಕ್ರೀಟ್ ಕಲಸುವ ಮಿಲ್ಲರ್, ಬಾಂಡ್ಲಿ ತೊಳೆದ ನೀರಿನದ್ದು ಬೇರೆ ಕಥೆ. ಸಿಮೆಂಟ್ ನೀರಿನ ಪಿಎಚ್ 12ರ ಆಸುಪಾಸು, ಅಂದರೆ ಬಹಳ ಕ್ಷಾರ, ಮೀನಿಗೆ ವಿಷ. ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲೇ ತೊಳೆಸುತ್ತೇನೆ. ಗಟ್ಟಿಯಾದದ್ದನ್ನು ಒಡೆದು ನೆಲಹಾಸಿನ ಕೆಳಗೆ ತುಂಬಿಸುತ್ತೇನೆ.

ಈಗ ಎಸ್ಟಿಮೇಟಿನಲ್ಲೇ ‘ಮಣ್ಣು, ಧೂಳು ತಡೆ’ ಅಂತ ಒಂದು ಸಾಲು ಬರೆಯುತ್ತೇನೆ. ಬಲೆ, ಟಾರ್ಪಾಲು ಮುಂದಿನ ಸೈಟಿಗೂ ಬರುವುದರಿಂದ ಅದರಲ್ಲಿ ದೊಡ್ಡ ಖರ್ಚು ಕೂಲಿಯದ್ದೇ. ಕೆಲವರು ಚೌಕಾಸಿ ಮಾಡುವಾಗ ಮೊದಲು ಹೊಡೆದು ಹಾಕುವುದು ಆ ಸಾಲನ್ನೇ. ಆಗ ಬಲೆ ಬಿಡುತ್ತೇನೆ, ಹುರುಳಿ ಬಿಡುತ್ತೇನೆ. ಸುಣ್ಣದ ಗೆರೆಗೂ ತೊಟ್ಟಿಲು ಗುಂಡಿಗೂ ಮಾತ್ರ ಚೌಕಾಸಿ ಇಲ್ಲ.