ಬಾಲ್ಸಾದಲ್ಲಿ ಒಂದು ಕೋದ್ರೋಂ

ರೇಡಿಯೋ ಕಂಟ್ರೋಲ್ ಮಾಡೆಲ್ ಅಂದ್ರೆ ಜಾಸ್ತಿ ಜನ ಸ್ಪಿಟ್‌ಫೈರ್ ಯುದ್ಧವಿಮಾನದ ಕಡೆಗೇ ಹೋಗುತ್ತಾರೆ. ಬಾಲ್ಸಾ ಅನ್ನುವ ಹಗುರ ಮರ ಹಿಡಿದು ನಾನು ಕೂತದ್ದು ಕೋದ್ರೋಂ ಸಿ.460ರ ಮುಂದೆ. ಮಾರ್ಸೆಲ್ ರಿಫಾರ್ ರೂಪಿಸಿದ ನೀಲಿ ಬಣ್ಣದ ಫ್ರೆಂಚ್ ರೇಸ್ ವಿಮಾನ ಅದು. 1934ರ ಕ್ರಿಸ್‌ಮಸ್ ದಿನ ರೇಮೋಂ ದೆಲ್ಮೋತ್ ಇದರಲ್ಲಿ ಗಂಟೆಗೆ 505 ಕಿ.ಮೀ. ದಾಟಿ ದಾಖಲೆ ಮಾಡಿದ. 1936ರಲ್ಲಿ ಮಿಶೆಲ್ ದೆತ್ರೋಯಾ ಇದನ್ನು ಲಾಸ್ ಏಂಜಲೀಸ್‌ಗೆ ಒಯ್ದು ಗ್ರೀವ್, ಥಾಂಪ್ಸನ್ ಎಂಬ ಎರಡೂ ವಿಮಾನ ರೇಸ್ ಟ್ರೋಫಿ ಗೆದ್ದ.

ಅದರ ವೇಗದ ಗುಟ್ಟು ಸಪೂರ ಮೈ. ರೆನೋ ಎಂಜಿನ್ನಿನ ಆರು ಸಿಲಿಂಡರ್ ಒಂದರ ಹಿಂದೊಂದು, ತಲೆಕೆಳಗಾಗಿ ಕೂತಿವೆ. ಹಾಗಾಗಿ ಮೂಗು ಉದ್ದ, ಪೈಲಟ್ ಬಾಲದ ಹತ್ತಿರ. ಮಾಡೆಲ್ ಮಾಡುವವನಿಗೆ ಇದು ವರ. ಬ್ಯಾಟರಿಯನ್ನು ಮುಂದಕ್ಕೆ ದೂಡಿದರೆ ಸಾಕು, ಸಿ.ಜಿ. (ತೂಕ ಸಮತೋಲಗೊಳ್ಳುವ ಬಿಂದು) ಸರಿಹೋಗುತ್ತದೆ, ಮೂಗಿಗೆ ಸೀಸ ತುಂಬುವ ಕೆಲಸವೇ ಇಲ್ಲ.

ಕಷ್ಟ ಇರುವುದು ರೆಕ್ಕೆಯಲ್ಲಿ. ಅಸಲಿ ವಿಮಾನದ ರೆಕ್ಕೆಯೇ ತುದಿಯಿಂದ ತುದಿಗೆ ಸುಮಾರು 6.75 ಮೀಟರ್. ನನ್ನದು ಆರನೇ ಒಂದು ಅಳತೆ, ಅಂದರೆ 112 ಸೆಂ.ಮೀ. ಚಿಲ್ಲರೆ. ತುದಿ ಬೇರೆ ಕಿರಿದು. ವೇಗ ಇಳಿದರೆ ತುದಿ ಮೊದಲು ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ವಿಮಾನ ಒಂದು ಮಗ್ಗುಲಿಗೆ ಮಗುಚುತ್ತದೆ. ಅದಕ್ಕೇ ತುದಿಯ ಕಡೆ ಎರಡು ಡಿಗ್ರಿ ವಾಶ್‌ಔಟ್ (ತುದಿಯ ಮುಂದಂಚು ತಗ್ಗುವ ತಿರುಚು) ಕೊಟ್ಟೆ: ರಿಬ್‌ಗಳನ್ನು (ರೆಕ್ಕೆಯ ಅಡ್ಡ ಪಕ್ಕೆಲುಬುಗಳನ್ನು) ಅಂಟಿಸುವಾಗಲೇ ಹಿಂದಿನ ಅಂಚಿಗೆ ಓರೆ ಪಟ್ಟಿ ಇಟ್ಟು ಎತ್ತಿದೆ. ಬಾಲ್ಸಾ ಹೊದಿಕೆ ಒಣಗುವ ತನಕ ಹಲಗೆಯಿಂದ ತೆಗೆಯಲಿಲ್ಲ. ಆಮೇಲೆ ತಿರುಚುತ್ತೇನೆ ಅಂದ್ರೆ ಆಗಲ್ಲ.

ಪ್ರೊಪೆಲರ್ ವಿಷಯದಲ್ಲಿ ಫ್ರೆಂಚರ ಜಾಣತನ ನೋಡಬೇಕು. ಈ ವಿಮಾನದ ರಾತಿಯೆ ಕಂಪನಿಯ ಪ್ರೊಪೆಲರ್‌ಗೆ ಏರುವ ಮುಂಚೆ ಪಂಪಿನಿಂದ ಗಾಳಿ ತುಂಬುತ್ತಿದ್ದರು, ಸೈಕಲ್ ಟಯರಿಗೆ ತುಂಬಿದ ಹಾಗೆ! ಆಗ ಎಲೆಗಳ ಪಿಚ್ (ಓರೆ ಕೋನ) ಕಡಿಮೆ, ನೆಲದಲ್ಲಿ ಎಳೆತ ಚೆನ್ನಾಗಿರುತ್ತದೆ. ವೇಗ ಬಂದಾಗ ಮುಂದಿನ ತಟ್ಟೆಯನ್ನು ಎದುರುಗಾಳಿ ಒತ್ತಿ ವಾಲ್ವ್ ತೆರೆಯುತ್ತದೆ, ತುಂಬಿದ ಗಾಳಿ ಹೊರಬಿದ್ದು ಪಿಚ್ ಹೆಚ್ಚಾಗುತ್ತದೆ. ಹಾರಾಟದಲ್ಲಿ ಮತ್ತೆ ವಾಪಸ್ ಬರಲ್ಲ, ಇಳಿದ ಮೇಲೆ ಮತ್ತೆ ಪಂಪ್.

ನನ್ನ ಹತ್ತಿರ ಆ ಸೌಕರ್ಯ ಎಲ್ಲಿ? ಹೆಚ್ಚು ಪಿಚ್‌ನ ಪ್ರೊಪೆಲರ್ ಹಾಕಿದರೆ ಹುಲ್ಲಿನ ಮೇಲೆ ಓಟ ಮುಗಿಯುವುದೇ ಇಲ್ಲ. ನಡುವಿನ ಪಿಚ್ ಹಿಡಿದೆ. ಮೇಲೆ ಸ್ವಲ್ಪ ವೇಗ ಕಳೆದುಕೊಂಡೆ, ಪರವಾಗಿಲ್ಲ.

ಮಡಚುವ ಚಕ್ರ ಹಾಕಲಿಲ್ಲ. ಇದರಣ್ಣ ಸಿ.450ರ ಚಕ್ರ ಹೇಗೂ ಮಡಚುತ್ತಿರಲಿಲ್ಲ. ಅದೇ ಧೈರ್ಯದ ಮೇಲೆ ಗಟ್ಟಿ ತಂತಿಯ ಕಾಲು, ಮೇಲೆ ಬಾಲ್ಸಾ ಕವಚ. ಇಳಿಸುವಾಗ ಮಾತ್ರ ಮೋಟಾರ್ ಪೂರ್ತಿ ನಿಲ್ಲಿಸಬೇಡಿ. ರೆಕ್ಕೆಯ ಹಿಂದಂಚಿನ ಫ್ಲಾಪ್ ಕೆಳಗಿಳಿಸಿ, ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಥ್ರಾಟಲ್‌ನಲ್ಲಿ ಚಕ್ರ ನೆಲ ಮುಟ್ಟುವ ತನಕ ಹಾರಿಸಿಕೊಂಡೇ ಬನ್ನಿ.