ಬೀಡಿ ಸೇದುವವರ ಕಾಲಿನ ಬಿ.ಪಿ. ನೋಡಿದ್ದು: ನನ್ನ ಅನುಭವ

‘ಕಾಲಿನ ಬಿ.ಪಿ. ನೋಡ್ತಾ ಕೂತರೆ ಓಪಿಡಿ ಮುಗಿಯೋದು ಯಾವಾಗ?’ ಆರು ವರ್ಷದ ಹಿಂದೆ ಜೊತೆಯ ಡಾಕ್ಟರುಗಳೆಲ್ಲ ಹೀಗೇ ಕೇಳಿದರು. ಈಗ ಅವರಲ್ಲೇ ಇಬ್ಬರು ಡಾಪ್ಲರ್ (ರಕ್ತ ಹರಿಯುವ ಸದ್ದು ಕೇಳಿಸುವ ಕೈಯಂತ್ರ) ಕೊಂಡಿದ್ದಾರೆ.

ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೆ ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಹಾಗೆ ಹೇಳಿದವರಿಗೆ ನಾನೂ ಮೊದಲು ನರದ ಮಾತ್ರೆ ಬರೆದು ಕಳಿಸುತ್ತಿದ್ದೆ. ಅವರಲ್ಲೊಬ್ಬರು ಕಪ್ಪಾದ ಬೆರಳಿನೊಂದಿಗೆ ವಾಪಸ್ ಬಂದರು. ಬೆರಳು ಉಳಿಯಲಿಲ್ಲ. ವರ್ಷದೊಳಗೆ ಹೃದಯಾಘಾತವೂ ಆಯಿತು. ಅದು ಇವತ್ತಿಗೂ ಕಾಡುತ್ತದೆ.

ದುಡ್ಡು ಉಳಿಸಲು ಮೊದಲು ಕಾಲ್ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಿದೆ. ಮಳೆಗಾಲದ ತಣ್ಣನೆ ಪಾದದಲ್ಲಿ ಅದು ಏನೂ ತೋರಿಸಲಿಲ್ಲ. ಕೊನೆಗೆ ಹದಿನೆಂಟು ಸಾವಿರದ ಹತ್ತಿರ ಕೊಟ್ಟು 8 ಮೆಗಾಹರ್ಟ್ಸ್ ಡಾಪ್ಲರ್ ತಂದೆ. ನಡೆದು ಬಂದವರನ್ನು ಹಾಗೇ ಮಲಗಿಸಿ ನೋಡಿದ್ದರಿಂದ ಮೊದಲ ತಿಂಗಳ ಲೆಕ್ಕವೆಲ್ಲ ದಂಡ. ಹತ್ತು ನಿಮಿಷ ಮಲಗಿರಲೇಬೇಕು. ಸಕ್ಕರೆ ಕಾಯಿಲೆಯವರಲ್ಲಿ ಎಬಿಐ (ಕಾಲಿನ ಬಿ.ಪಿ.ಯನ್ನು ಕೈಯ ಬಿ.ಪಿ.ಯಿಂದ ಭಾಗಿಸಿದ ಲೆಕ್ಕ) 1.4 ದಾಟಿದಾಗ ರಕ್ತ ಚೆನ್ನಾಗಿ ಹರಿಯುತ್ತಿದೆ ಅಂತ ಖುಷಿಪಟ್ಟಿದ್ದೆ. ಸುಣ್ಣ ಕಟ್ಟಿದ ರಕ್ತನಾಳ ಬಿ.ಪಿ. ಪಟ್ಟಿಯ ಒತ್ತಡಕ್ಕೆ ಬಗ್ಗುವುದಿಲ್ಲ, ಅಷ್ಟೇ. ಅಂಥವರನ್ನು ಈಗ ಕಾಲ್ಬೆರಳಿನ ರಕ್ತದೊತ್ತಡ ನೋಡಿಸಲು ಕಳಿಸುತ್ತೇನೆ.

ಲ್ಯಾಬಿನವರು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 110 ಬಂದರೆ ನಾರ್ಮಲ್ ಅನ್ನುತ್ತಾರೆ. ಎಬಿಐ 0.7 ಇರುವವರಿಗೆ, ಅಂದರೆ ಕಾಲಿಗೆ ರಕ್ತ ಸಾಲದವರಿಗೆ, ಅದು ನಾರ್ಮಲ್ ಅಲ್ಲ. ನನ್ನ ಗುರಿ 55ಕ್ಕಿಂತ ಕೆಳಗೆ. ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್ 40 ಮಿ.ಗ್ರಾಂ, ಆರು ವಾರ ಬಿಟ್ಟು ಪರೀಕ್ಷೆ, ಸಾಲದಿದ್ದರೆ 80, ಆಮೇಲೆ ಎಜೆಟಿಮೈಬ್ ಅನ್ನೋ ಇನ್ನೊಂದು ಮಾತ್ರೆ. ಆದರೆ ಮರುಪರೀಕ್ಷೆಗೇ ಜನ ಬರುತ್ತಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ, ಅಲ್ವಾ? ಆ ಹಟ ಬಿಟ್ಟೆ. ಕೆಲಸ ಮುಗಿಸಿ ಸಂಜೆ ಬಂದರೂ ರಕ್ತ ತೆಗೆಯುತ್ತೇವೆ. ಟ್ರೈಗ್ಲಿಸರೈಡ್ (ರಕ್ತದ ಇನ್ನೊಂದು ಕೊಬ್ಬು) 400 ದಾಟಿದರೆ ಮಾತ್ರ ಉಪವಾಸ. ಬರುವವರು ಹೆಚ್ಚುಕಡಿಮೆ ದುಪ್ಪಟ್ಟಾದರು.

ಬೀಡಿಯೇ ದೊಡ್ಡ ಕಷ್ಟ. ಡಾಪ್ಲರ್‌ನಲ್ಲಿ ಮೊದಲು ಕೈಯ ಸದ್ದು ಕೇಳಿಸುತ್ತೇನೆ, ಆಮೇಲೆ ಕಾಲಿನದು. ಆ ಹೊತ್ತಿನಲ್ಲಿ ಆಡುವ ಎರಡು ಮಾತನ್ನು ಇಲ್ಲಿ ಬರೆಯುವುದಿಲ್ಲ, ಬಂದು ಪಕ್ಕದಲ್ಲಿ ಕೂತು ನೋಡಿ. ಅರವತ್ತು ಜನರಲ್ಲಿ ಇಪ್ಪತ್ತೈದು ಮಂದಿಯಾದರೂ ಬೀಡಿ ಬಿಟ್ಟಿದ್ದಾರೆ. ನಮ್ಮ ತಾಲ್ಲೂಕಿನಲ್ಲಿ ಇಷ್ಟು ಜನರನ್ನು ಬಿಡಿಸಿದವರು ಬೇರೆ ಯಾರೂ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಜೊತೆಗೆ ನಡಿಗೆ. ನೋವು ಬರುವ ತನಕ ನಡೆ, ನಿಲ್ಲು, ಮತ್ತೆ ನಡೆ. ದಿನಕ್ಕೆ ಅರ್ಧ ಗಂಟೆ, ಮೂರು ತಿಂಗಳು. ನೂರೈವತ್ತು ಮೀಟರಿಗೇ ಕೂರುತ್ತಿದ್ದ ಅಡಿಕೆ ತೋಟದ ಅಣ್ಣ ಕಳೆದ ವಾರ ಬಸ್‌ಸ್ಟ್ಯಾಂಡಿನಿಂದ ಕ್ಲಿನಿಕ್ಕಿಗೆ ಎಲ್ಲೂ ನಿಲ್ಲದೆ ನಡೆದು ಬಂದರು.